ಕಫ ಕೆಟ್ಟ ಮೇಲಿನ ಆ ಒಂದು ತಿಂಗಳು

ಪ್ರಶ್ನೆ: ನಮ್ಮ ಯಜಮಾನರಿಗೆ 61 ವರ್ಷ. ಊರು ಕುಂದಾಪುರದ ಕಡೆ. ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಬಂದು ಫೋರ್ಟಿನ ಹೋಟೆಲುಗಳಲ್ಲಿ ಅಡುಗೆಮನೆ ಕೆಲಸ ಮಾಡಿದವರು. ಬೀಡಿ ಬಿಟ್ಟು ಆರು ವರ್ಷ ಆಯಿತು. ಸಿಒಪಿಡಿ, ಅಂದರೆ ಶ್ವಾಸನಾಳ ಸಪೂರವಾಗಿ ದಮ್ಮು ಕಟ್ಟುವ ಕಾಯಿಲೆ ಇದೆ, ಪಂಪ್ (ಇನ್‌ಹೇಲರ್) ತಗೊಳ್ತಾರೆ. ಕಳೆದ ಮಳೆಗಾಲದಲ್ಲಿ ಜ್ವರ, ಕೆಮ್ಮು ಜೋರಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮನೆಗೆ ಬಂದು ಎರಡು ವಾರ ಆಗುವುದರೊಳಗೆ ಒಂದು ಬೆಳಿಗ್ಗೆ ಬಲಗೈ ಸೋತುಹೋಯಿತು, ಮಾತು ತೊದಲಿತು. ಸಣ್ಣ ಸ್ಟ್ರೋಕ್ ಅಂದರು. ಈಗ ಪರವಾಗಿಲ್ಲ. ಎದೆಯ ಡಾಕ್ಟರು ಬೇರೆ, ಮೆದುಳಿನ ಡಾಕ್ಟರು ಬೇರೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಅಂತ ಕೇಳಿದರೆ ಯಾರೂ ಬಿಡಿಸಿ ಹೇಳಲಿಲ್ಲ. ಪಂಪಿನಿಂದ ಹಾರ್ಟ್ ಹಾಳಾಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದ ಮೇಲೆ ಇವರು ಪಂಪ್ ಕಡಿಮೆ ಮಾಡಿದ್ದಾರೆ. ಇವರಿಗೆ ಕೊಟ್ಟಿರುವ, ಹೃದಯದ ಬಡಿತ ನಿಧಾನ ಮಾಡುವ ಬಿಸೊಪ್ರೊಲಾಲ್ ಮಾತ್ರೆ ದಮ್ಮು ಇರುವವರಿಗೆ ಆಗುವುದಿಲ್ಲ ಎಂದು ಮೆಡಿಕಲ್ ಸ್ಟೋರಿನವನು ಹೇಳಿದ. ಏನು ಮಾಡಲಿ?
ಓದುಗರು, ಡೊಂಬಿವಲಿ

ಉತ್ತರ:

ಸಂಬಂಧ ಇದೆ. ಪಂಪನ್ನು ಇವತ್ತಿನಿಂದಲೇ ಡಾಕ್ಟರು ಬರೆದುಕೊಟ್ಟ ಹಾಗೆ ಮತ್ತೆ ಶುರು ಮಾಡಿಸಿ. ಬಿಸೊಪ್ರೊಲಾಲನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ತಂದದ್ದು ಪಂಪ್ ಕಡಿಮೆ ಮಾಡಿದ್ದಾರೆ ಎಂಬ ಆ ಒಂದು ಸಾಲು.

ಆಸ್ಪತ್ರೆಯಲ್ಲಿ ಎದೆಯ ಒಪಿಡಿ ಒಂದು ಮಹಡಿಯಲ್ಲಿ, ಹಾರ್ಟ್ ಇನ್ನೊಂದರಲ್ಲಿ, ಮೆದುಳು ಮತ್ತೊಂದರಲ್ಲಿ ಇರುತ್ತದೆ. ದೇಹದಲ್ಲಿ ಇಂಥ ಮಹಡಿಗಳಿಲ್ಲ. ಹೃದಯದ ಬಲಭಾಗ ತಳ್ಳುವ ರಕ್ತವೆಲ್ಲ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರಬೇಕು. ಸುಮ್ನೆ ಕೂತಿದ್ದಾಗಲೂ ಇದು ನಿಮಿಷಕ್ಕೆ ಸುಮಾರು 5 ಲೀಟರ್. ಎಡಭಾಗದಿಂದ ಹೊರಟ ರಕ್ತ ಮೊದಲು ಹೋಗುವುದು ಹೃದಯದ ಸ್ವಂತ ನಾಳಗಳಿಗೆ, ಅದಾದ ಮೇಲೆ ಮೆದುಳಿನ ಕಡೆಗೆ. ಶ್ವಾಸಕೋಶದಲ್ಲಿ ಸೋಂಕು ಎದ್ದಾಗ ಅದರ ಬಿಸಿ ಮೊದಲು ತಟ್ಟುವುದು ಈ ಎರಡು ಅಂಗಗಳಿಗೇ.

ಇದು ಬರೀ ಊಹೆಯ ಮಾತಲ್ಲ. 2004ರಲ್ಲಿ ಬ್ರಿಟನ್ನಿನ ಫ್ಯಾಮಿಲಿ ಡಾಕ್ಟರುಗಳ ದಾಖಲೆಗಳನ್ನು ಜಾಲಾಡಿ ಒಂದು ದೊಡ್ಡ ಅಧ್ಯಯನ ಬಂತು. ಎದೆಯ ಸೋಂಕು ಬಂದ ಮೊದಲ ಮೂರು ದಿನಗಳಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು 5 ಪಟ್ಟು, ಸ್ಟ್ರೋಕ್ ಸಾಧ್ಯತೆ ಸುಮಾರು 3 ಪಟ್ಟು ಏರಿತ್ತು. ಆಮೇಲೆ ವಾರಗಳು ಕಳೆದಂತೆ ನಿಧಾನಕ್ಕೆ ಇಳಿಯಿತು. 2018ರಲ್ಲಿ ಕೆನಡಾದ ಒಂಟಾರಿಯೊದವರು ಲ್ಯಾಬಿನಲ್ಲಿ ಖಚಿತವಾದ ಫ್ಲೂ ರೋಗಿಗಳನ್ನು ಮಾತ್ರ ತೆಗೆದುಕೊಂಡರು. ಫ್ಲೂ ಬಂದ ವರ್ಷದ ಆಚೀಚೆ ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆ ಸೇರಿದವರು ಅವರಲ್ಲಿ 332 ಜನ. ಇವರ ಒಟ್ಟು ಲೆಕ್ಕ ನೋಡಿದರೆ, ಫ್ಲೂ ಖಚಿತವಾದ ನಂತರದ ಆ ಒಂದು ವಾರದಲ್ಲಿ 20 ಸಲ ಅಟ್ಯಾಕ್ ಆಗಿತ್ತು. ಬೇರೆ ದಿನಗಳಲ್ಲಿ ವಾರಕ್ಕೆ ಸರಾಸರಿ 3.3 ಮಾತ್ರ. ಅಂದರೆ ಆರು ಪಟ್ಟು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಬೀಡಿ ಸೇದಿದವರಿಗೆ ಶ್ವಾಸಕೋಶವೂ ಕೆಡುತ್ತದೆ, ಹಾರ್ಟೂ ಕೆಡುತ್ತದೆ. ಹಾಗಾದರೆ ಎರಡೂ ಜೊತೆಗೆ ಬಂದದ್ದು ಬೀಡಿಯಿಂದಲೇ ಅಲ್ವಾ? ಒಂದರಿಂದ ಇನ್ನೊಂದು ಬಂತು ಎನ್ನುವುದು ಹೇಗೆ? ಬಹಳ ವರ್ಷ ವೈದ್ಯರು ಕೂಡ ಹೀಗೇ ಹೇಳಿ ವಿಷಯ ಮುಗಿಸುತ್ತಿದ್ದರು. ಈ ಅಧ್ಯಯನಗಳ ಬೆಲೆ ಇರುವುದು ಇಲ್ಲೇ. ಇವು ಬೀಡಿ ಸೇದಿದವರನ್ನು ಸೇದದವರ ಜೊತೆ ಹೋಲಿಸಲಿಲ್ಲ. ಒಬ್ಬನೇ ಮನುಷ್ಯನ ಸೋಂಕಿನ ವಾರವನ್ನು ಅದೇ ಮನುಷ್ಯನ ಉಳಿದ ವಾರಗಳ ಜೊತೆ ಹೋಲಿಸಿದವು. ಅವನ ವಯಸ್ಸು, ಶುಗರ್, ಹಳೇ ಬೀಡಿ, ತಂದೆಯಿಂದ ಬಂದ ಜೀನ್ ಎಲ್ಲವೂ ಎರಡೂ ಕಡೆ ಒಂದೇ. ಬದಲಾದದ್ದು ಆ ವಾರದ ಸೋಂಕು ಮಾತ್ರ. ಅಪಾಯ ಏರಿದ್ದು ಆ ವಾರದಲ್ಲೇ ಅಂದಮೇಲೆ ಬೀಡಿಯೊಂದನ್ನೇ ದೂರಿ ಸುಮ್ಮನಾಗುವ ಹಾಗಿಲ್ಲ.

ಸಿಒಪಿಡಿ ಇದ್ದವರ ಕಥೆ ಇನ್ನೂ ನೇರ. ದಮ್ಮು ದಿಢೀರನೆ ಜೋರಾಗಿ, ಕಫ ಹೆಚ್ಚಿ ಅದರ ಬಣ್ಣ ತಿರುಗುವುದನ್ನು ನಾವು ಉಲ್ಬಣ ಎನ್ನುತ್ತೇವೆ. ನಿಮ್ಮಂಥ ಮನೆಗಳಲ್ಲಿ 'ಕಫ ಕೆಟ್ಟಿದೆ' ಎನ್ನುವುದು ಇದನ್ನೇ. 2010ರಲ್ಲಿ ಬ್ರಿಟನ್ನಿನ 25 ಸಾವಿರಕ್ಕೂ ಹೆಚ್ಚು ಸಿಒಪಿಡಿ ರೋಗಿಗಳ ದಾಖಲೆ ನೋಡಿದಾಗ, ಉಲ್ಬಣದ ನಂತರದ ಐದು ದಿನ ಹಾರ್ಟ್ ಅಟ್ಯಾಕ್ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಸ್ಟ್ರೋಕ್ ಅಪಾಯ ಏರಿದ್ದು ಕಾಲು ಭಾಗದಷ್ಟೇ, ಆದರೆ ಅದು ಏಳು ವಾರ ಉಳಿಯಿತು. ಮೊದಲೇ ಹೃದ್ರೋಗ ಇದ್ದ ಅಥವಾ ಅದರ ಅಪಾಯ ಹೆಚ್ಚಿದ್ದ 16 ಸಾವಿರ ಸಿಒಪಿಡಿ ರೋಗಿಗಳನ್ನು ಒಳಗೊಂಡ 'ಸಮ್ಮಿಟ್' ಪ್ರಯೋಗದಿಂದ 2018ರಲ್ಲಿ ಇನ್ನೊಂದು ಲೆಕ್ಕ ಹೊರಬಂತು. ಉಲ್ಬಣದ ನಂತರದ 30 ದಿನ ಹೃದಯ, ಸ್ಟ್ರೋಕಿನ ತೊಂದರೆ ಸುಮಾರು ನಾಲ್ಕು ಪಟ್ಟು. ಉಲ್ಬಣ ಆಸ್ಪತ್ರೆ ಸೇರುವಷ್ಟು ಜೋರಾಗಿದ್ದರೆ ಸುಮಾರು ಹತ್ತು ಪಟ್ಟು. 2023ರಿಂದ ಈಚೆಗೆ ಕೆನಡಾ, ಜರ್ಮನಿ, ನೆದರ್ಲೆಂಡ್ಸ್, ಸ್ಪೇನ್ ದೇಶಗಳ ದಾಖಲೆಗಳೂ ಇದನ್ನೇ ಹೇಳುತ್ತಿವೆ. ಮೊದಲ ವಾರಗಳಲ್ಲಿ ಅಪಾಯ ತುಂಬಾ, ಅದರ ಬಾಲ ತಿಂಗಳುಗಟ್ಟಲೆ. ಸಿಒಪಿಡಿ ಚಿಕಿತ್ಸೆಗೆ ಪ್ರಪಂಚವೆಲ್ಲ ನೋಡುವ 'ಗೋಲ್ಡ್' ಮಾರ್ಗಸೂಚಿ 2025ರ ಆವೃತ್ತಿಯಲ್ಲಿ ಹೃದಯದ ಅಪಾಯಕ್ಕೇ ಒಂದು ಪ್ರತ್ಯೇಕ ಭಾಗ ಕೊಟ್ಟಿದೆ.

ನಿಮ್ಮ ಯಜಮಾನರಿಗೆ ಸ್ಟ್ರೋಕ್ ಆದದ್ದು ಮನೆಗೆ ಬಂದು ಎರಡು ವಾರದೊಳಗೆ. ಸರಿಯಾಗಿ ಈ ಅವಧಿಯ ಒಳಗೇ ಬರುತ್ತದೆ. ಅದೊಂದೇ ಕಾರಣ ಎಂದು ಕಾಗದಪತ್ರ ನೋಡದೆ ಹೇಳಲಾರೆ. ಬಿಪಿ, ಕುತ್ತಿಗೆಯ ರಕ್ತನಾಳ, ಹೃದಯದ ಬಡಿತ ಎಲ್ಲ ನೋಡಬೇಕು. ಆದರೆ ಆ ಸೋಂಕು ಸ್ಟ್ರೋಕಿಗೆ ದಾರಿ ಮಾಡಿಕೊಟ್ಟಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ನಾಲ್ಕು ಪಟ್ಟು, ಹತ್ತು ಪಟ್ಟು ಎಂದು ಕೇಳಿ ನಿದ್ದೆ ಕೆಡಿಸಿಕೊಳ್ಳಬೇಡಿ. ಒಂದು ಮಾಮೂಲಿ ವಾರದಲ್ಲಿ ಅಟ್ಯಾಕ್ ಆಗುವ ಸಾಧ್ಯತೆ ತೀರಾ ಸಣ್ಣದು. ಅದರ ಹತ್ತು ಪಟ್ಟು ಕೂಡ ಸಣ್ಣದೇ. ಕಫ ಕೆಟ್ಟವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನಮಗೆ ಇದರಿಂದ ಆದ ಲಾಭ ಏನೆಂದರೆ, ಕಣ್ಣಿಟ್ಟು ನೋಡಬೇಕಾದ ದಿನಗಳು ಯಾವುವು ಎಂಬುದು ಗೊತ್ತಾಗಿದೆ. ವರ್ಷಪೂರ್ತಿ ಹೆದರಿಕೊಂಡು ಕೂರುವ ಬದಲು ಒಂದು ತಿಂಗಳು ಗಟ್ಟಿಯಾಗಿ ಕಾಯಬಹುದು.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಸೋಂಕಿನ ಜೊತೆ ಹೋರಾಡಲು ದೇಹ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ರಿಪೋರ್ಟಿನಲ್ಲಿ ಸಿಆರ್‌ಪಿ ಅಂತ ಬರುತ್ತದಲ್ಲ, ಅದು ಏರುವುದು ಇದರಿಂದಲೇ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೊಜನ್ ಹೆಚ್ಚುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಬೇಗ ಅಂಟುತ್ತವೆ. ಅರವತ್ತರ ಆಸುಪಾಸಿನಲ್ಲಿ ರಕ್ತನಾಳದ ಗೋಡೆಯಲ್ಲಿ ಕೊಬ್ಬಿನ ಗಂಟುಗಳು ಮೊದಲೇ ಇರುತ್ತವೆ. ಉರಿಯೂತದಿಂದ ಅವುಗಳ ಮೇಲಿನ ಪೊರೆ ಬಿರುಕು ಬಿಟ್ಟರೆ ಅಲ್ಲೇ ಹೆಪ್ಪು ಕಟ್ಟುತ್ತದೆ. ಇದೇ ಹೊತ್ತಿಗೆ ಆಮ್ಲಜನಕ ಕಡಿಮೆ, ನಾಡಿ ಜೋರು, ಹೃದಯಕ್ಕೆ ದುಪ್ಪಟ್ಟು ಕೆಲಸ. ಸಿಒಪಿಡಿಯಲ್ಲಿ ಉಸಿರು ಪೂರ್ತಿ ಹೊರಗೆ ಹೋಗದೆ ಗಾಳಿ ಒಳಗೇ ಸಿಕ್ಕಿಕೊಂಡು ಶ್ವಾಸಕೋಶ ಉಬ್ಬುತ್ತದೆ, ಆಗ ಹೃದಯದ ಎಡಭಾಗಕ್ಕೆ ರಕ್ತ ಸರಿಯಾಗಿ ತುಂಬುವುದಿಲ್ಲ. ಇನ್ನೂ ಒಂದಿದೆ. ಉಲ್ಬಣದ ದಿನಗಳಲ್ಲಿ ಹೃದಯ ಲಯ ತಪ್ಪಿ ಬಡಿಯಬಹುದು. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ತೊಂದರೆಯಲ್ಲಿ ಹೃದಯದೊಳಗೇ ಹೆಪ್ಪು ಕಟ್ಟಿ ಮೆದುಳಿಗೆ ಹಾರುತ್ತದೆ. ಇದಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಇನ್ನು ಪಂಪಿನ ವಿಷಯ. ಪಕ್ಕದ ಮನೆಯವರು ಹೇಳಿದ್ದಕ್ಕೆ ಒಂದು ಬುಡ ಇದೆ. ದಮ್ಮು ಕಟ್ಟಿದಾಗ ಎಳೆಯುವ ಸಾಲ್ಬುಟಮಾಲ್ ಪಂಪ್ ತೆಗೆದುಕೊಂಡ ಮೇಲೆ ಸ್ವಲ್ಪ ಹೊತ್ತು ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ. ಅದನ್ನು ಕಂಡೇ ಜನ ಹೆದರುವುದು. ಆದರೆ ಲೆಕ್ಕ ನೋಡಿ. ಎರಡು ಸಲ ಎಳೆದರೆ ಒಳಗೆ ಹೋಗುವುದು 200 ಮೈಕ್ರೊಗ್ರಾಂ. ಅದೇ ಔಷಧದ ಮಾತ್ರೆಯಲ್ಲಿ 4 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು, ಅದೂ ರಕ್ತದ ಮೂಲಕ ಮೈಯೆಲ್ಲ ಸುತ್ತುತ್ತದೆ. ಪಂಪಿಗೆ ಹೆದರಿ ಮೆಡಿಕಲ್ ಸ್ಟೋರಿನಿಂದ ದಮ್ಮಿನ ಮಾತ್ರೆ ತಂದು ನುಂಗುವವರು ಹೃದಯಕ್ಕೆ ಜಾಸ್ತಿ ಹೊರೆ ಹಾಕುತ್ತಿದ್ದಾರೆ. ಥಿಯೊಫಿಲಿನ್ ಮಾತ್ರೆಯೂ ಹಾಗೆಯೇ, ಸ್ವಲ್ಪ ಹೆಚ್ಚುಕಮ್ಮಿ ಆದರೆ ಬಡಿತದ ಲಯ ಕೆಡಿಸುತ್ತದೆ.

ದಿನಾ ತೆಗೆದುಕೊಳ್ಳುವ ಪಂಪಿನ ಬಗ್ಗೆ ದೊಡ್ಡ ಪ್ರಯೋಗಗಳೇ ನಡೆದಿವೆ. ಟಿಯೊಟ್ರೋಪಿಯಂ ಔಷಧವನ್ನು ಸುಮಾರು 6 ಸಾವಿರ ಜನರಲ್ಲಿ ನಾಲ್ಕು ವರ್ಷ ಪರೀಕ್ಷಿಸಿದ 'ಅಪ್‌ಲಿಫ್ಟ್' ಪ್ರಯೋಗ 2008ರಲ್ಲಿ ಬಂತು. ಹೃದಯದ ತೊಂದರೆ ಹೆಚ್ಚಲಿಲ್ಲ. ಇನ್ನೊಂದು ಬದಿಯನ್ನೂ ಹೇಳಬೇಕು. 2018ರಲ್ಲಿ ತೈವಾನಿನ ದಾಖಲೆಗಳ ಅಧ್ಯಯನವೊಂದರಲ್ಲಿ, ಇಂಥ ಪಂಪ್ ಹೊಸದಾಗಿ ಶುರು ಮಾಡಿದ ಮೊದಲ 30 ದಿನ ಹೃದಯದ ತೊಂದರೆ ಒಂದೂವರೆ ಪಟ್ಟು ಕಂಡಿತು. ಅದಕ್ಕೇ ಹೃದ್ರೋಗ ಇರುವವರಿಗೆ ಹೊಸ ಪಂಪ್ ಬರೆದಾಗ ಒಂದು ತಿಂಗಳೊಳಗೆ ಮತ್ತೆ ಬಂದು ತೋರಿಸಿ ಎನ್ನುತ್ತೇನೆ. ನಿಮ್ಮ ಯಜಮಾನರು ಆ ಹಂತ ಎಂದೋ ದಾಟಿದ್ದಾರೆ. ಅವರಿಗೆ ಈಗ ನಿಜವಾದ ಅಪಾಯ ಪಂಪ್ ಬಿಟ್ಟು ಇನ್ನೊಂದು ಉಲ್ಬಣ ತಂದುಕೊಳ್ಳುವುದು.

ಪಂಪ್ ಎಳೆಯುವ ರೀತಿಯನ್ನು ನೀವೇ ಒಮ್ಮೆ ಎದುರು ಕೂತು ನೋಡಿ. ನನ್ನ ಒಪಿಡಿಯಲ್ಲಿ ತೋರಿಸಿ ಅಂದಾಗ, ಎಷ್ಟೋ ವರ್ಷದಿಂದ ಪಂಪ್ ಬಳಸುವವರು ಕೂಡ ಬಾಯಿ ಪೂರ್ತಿ ಮುಚ್ಚದೆ ಡಬ್ಬಿ ಒತ್ತುತ್ತಾರೆ. ತುಟಿಯ ಸಂದಿಯಿಂದ ಬಿಳಿ ಮಂಜು ಹೊರಗೆ ಬರುತ್ತದೆ. ಕೆಲವರದು ಮೂಗಿನಿಂದಲೂ ಬರುತ್ತದೆ. ಕಣ್ಣಿಗೆ ಕಂಡ ಆ ಮಂಜು ಅಷ್ಟೂ ಔಷಧ ದಂಡ. ಪ್ಲಾಸ್ಟಿಕ್ಕಿನ ಉದ್ದ ಕೊಳವೆ, ಸ್ಪೇಸರ್, ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಡಬ್ಬಿ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ, ಮೊದಲು ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ಒಂದು ಸಲ ಒತ್ತಿ, ನಿಧಾನವಾಗಿ ಎಳೆದು, ಹತ್ತು ಎಣಿಸುವ ತನಕ ಉಸಿರು ಹಿಡಿಯಲಿ. ಎರಡನೇ ಸಲಕ್ಕೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ಸ್ಟೀರಾಯ್ಡ್ ಇರುವ ಪಂಪ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ. ಬಲಗೈಯಲ್ಲಿ ಇನ್ನೂ ಶಕ್ತಿ ಕಮ್ಮಿ ಇದ್ದರೆ ಒತ್ತುವ ಕೆಲಸ ನೀವು ಮಾಡಿ. ಸ್ಟ್ರೋಕ್ ಆದವರಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ. ಔಷಧ ಸರಿ ಇರುತ್ತದೆ, ಒತ್ತಲು ಬೆರಳಿಗೆ ಬಲ ಇರುವುದಿಲ್ಲ. ಪುಡಿಯ ಪಂಪ್ ಆದರೆ ಸ್ಪೇಸರ್ ಬೇಡ, ಆದರೆ ಜೋರಾಗಿ ಎಳೆಯುವ ತಾಕತ್ತು ಬೇಕು. ಅದು ಇಲ್ಲದಿದ್ದರೆ ಬದಲಾಯಿಸಿಕೊಡಲು ಕೇಳಿ.

ಬಿಸೊಪ್ರೊಲಾಲ್ ಬಗ್ಗೆ ಮೆಡಿಕಲ್ ಸ್ಟೋರಿನವನು ಹೇಳಿದ್ದು ಹಳೇ ಪಾಠ. ಇದೇ ಗುಂಪಿನ ಪ್ರೊಪ್ರನೊಲಾಲ್‌ನಂಥ ಮಾತ್ರೆಗಳು ಶ್ವಾಸನಾಳ ಬಿಗಿಯುವಂತೆ ಮಾಡುತ್ತವೆ, ಅಸ್ತಮಾ ಇದ್ದವರಿಗೆ ಅದು ನಿಜಕ್ಕೂ ಕೆಟ್ಟದ್ದು. ಬಿಸೊಪ್ರೊಲಾಲ್ ಮುಖ್ಯವಾಗಿ ಹೃದಯದ ಮೇಲೇ ಕೆಲಸ ಮಾಡುತ್ತದೆ. 2024ರಲ್ಲಿ ಬ್ರಿಟನ್ನಿನಲ್ಲಿ ಇದನ್ನು ಸಿಒಪಿಡಿ ರೋಗಿಗಳಿಗೇ ಕೊಟ್ಟು ನೋಡಿದರು. ಉಲ್ಬಣ ಕಡಿಮೆ ಆಗಲಿಲ್ಲ, ಆದರೆ ಉಸಿರಾಟ ಕೆಡಲೂ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ಇದೇ ಗುಂಪಿನ ಮೆಟೊಪ್ರೊಲಾಲನ್ನು ಸಿಒಪಿಡಿ ರೋಗಿಗಳಿಗೆ ಕೊಟ್ಟಾಗ ಮಾತ್ರ, ಹೃದಯದ ಕಾರಣ ಇಲ್ಲದೆ ತೆಗೆದುಕೊಂಡವರಲ್ಲಿ ಜೋರಾದ ಉಲ್ಬಣಗಳು ಹೆಚ್ಚಾದವು. ಹಾಗಾಗಿ ಸಿಒಪಿಡಿಗೆ ಎಂದು ಈ ಮಾತ್ರೆ ಬೇಡ, ಹೃದಯಕ್ಕೆ ಬೇಕಿದ್ದರೆ ಸಿಒಪಿಡಿ ಇದೆ ಎಂದು ತಪ್ಪಿಸಬೇಡಿ. ಅವರಿಗೆ ಯಾಕೆ ಕೊಟ್ಟರು ಎಂದು ಬರೆದವರನ್ನೇ ಕೇಳಿ. ಒಮ್ಮೆಲೇ ನಿಲ್ಲಿಸಿದರೆ ಬಿಪಿ, ನಾಡಿ ಎರಡೂ ಜಿಗಿಯುತ್ತವೆ.

ಮುಂದೆ ಕಫ ಕೆಟ್ಟಾಗ ಏನು ಮಾಡಬೇಕು ಎಂಬುದೇ ನನಗೆ ಮುಖ್ಯ. ಕಫ ಹಸಿರು-ಹಳದಿ ಆಯಿತು, ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದವರು ಮನೆಯೊಳಗೇ ಏದುಸಿರು ಬಿಡುತ್ತಿದ್ದಾರೆ ಎಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಎರಡು ದಿನ ಕಷಾಯ ಕುಡಿದು ನೋಡೋಣ ಎನ್ನುವುದು ಬೇಡ. ಕಷಾಯ ಕುಡಿಯಲಿ, ತೊಂದರೆ ಇಲ್ಲ, ಡಾಕ್ಟರ ಹತ್ತಿರ ಹೋಗಿಬಂದು ಕುಡಿಯಲಿ. ಅಲ್ಲಿ ಇಸಿಜಿ ಒಂದು ಮಾಡಿಸಿ. ದಮ್ಮು ಜಾಸ್ತಿ ಆಗಿರುವುದು ಬರೀ ಶ್ವಾಸಕೋಶದಿಂದಲೋ, ಹೃದಯವೂ ಸೋಲುತ್ತಿದೆಯೋ ಎಂಬುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಎರಡೂ ಒಂದೇ ಥರ ಕಾಣುತ್ತವೆ. ಕಾಲು ಊದಿದೆಯಾ, ರಾತ್ರಿ ಚಪ್ಪಟೆ ಮಲಗಲು ಆಗುತ್ತದೆಯಾ ಎಂದು ನೀವೇ ಗಮನಿಸಿ ಹೇಳಿದರೆ ಡಾಕ್ಟರಿಗೆ ದೊಡ್ಡ ಸಹಾಯ.

ಜ್ವರ, ಮೈಕೈ ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇರುವ ಮಾತ್ರೆ ಬೇಡವೇ ಬೇಡ. ಎದೆಯ ಸೋಂಕಿನ ದಿನಗಳಲ್ಲೇ ಇಂಥ ನೋವಿನ ಮಾತ್ರೆ ತೆಗೆದುಕೊಂಡವರಿಗೆ ಹಾರ್ಟ್ ಅಟ್ಯಾಕ್ ಅಪಾಯ ಮೂರು ಪಟ್ಟಿಗಿಂತ ಜಾಸ್ತಿ, ಇಂಜೆಕ್ಷನ್ ಆದರೆ ಏಳು ಪಟ್ಟು ಎಂದು ತೈವಾನಿನ ಇನ್ನೊಂದು ಅಧ್ಯಯನ 2017ರಲ್ಲಿ ತೋರಿಸಿತು. ನಮ್ಮಲ್ಲಿ ಜ್ವರ ಎಂದ ಕೂಡಲೆ ಸೊಂಟಕ್ಕೆ ಒಂದು ಇಂಜೆಕ್ಷನ್ ಹಾಕಿಸಿಕೊಳ್ಳುವ ಅಭ್ಯಾಸ ಇದೆ. ಅದು ಏನು ಇಂಜೆಕ್ಷನ್ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಮೂಗು ಕಟ್ಟಿದ್ದಕ್ಕೆ ಕೊಡುವ ಶೀತದ ಮಾತ್ರೆಗಳಲ್ಲಿ ಬಿಪಿ ಏರಿಸುವ ಔಷಧ ಇರುತ್ತದೆ, ಅದೂ ಬೇಡ. ಸ್ಟ್ರೋಕಿನ ನಂತರ ಕೊಟ್ಟ ರಕ್ತ ತೆಳು ಮಾಡುವ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ, ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಆಸ್ಪತ್ರೆಯಿಂದ ಮನೆಗೆ ಬಂದ ಸಂಭ್ರಮದಲ್ಲಿ ಹಳೇ ಮಾತ್ರೆಯ ಪಟ್ಟಿ, ಹೊಸ ಪಟ್ಟಿ ಕಲಸಿಹೋಗಿ ಬೇಕಾದ್ದೇ ಬಿಟ್ಟುಹೋಗುವುದು ತುಂಬಾ ಸಾಮಾನ್ಯ. ಎರಡನ್ನೂ ಫ್ಯಾಮಿಲಿ ಡಾಕ್ಟರ ಎದುರು ಇಟ್ಟು ಒಂದೇ ಪಟ್ಟಿ ಮಾಡಿಸಿ.

ಆ ತಿಂಗಳಲ್ಲಿ ಎದೆ ಬಿಗಿತ, ಎಡಗೈಗೋ ದವಡೆಗೋ ಹಬ್ಬುವ ನೋವು, ತಣ್ಣನೆ ಬೆವರು ಬಂದರೆ, ಅಥವಾ ಬಾಯಿ ಸೊಟ್ಟಗಾಗಿ, ಕೈ ಎತ್ತಲು ಆಗದೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸ್ಟ್ರೋಕ್ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಕಲ್ಯಾಣ-ಶೀಲ್ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಆಸ್ಪತ್ರೆ ಸುತ್ತುವಷ್ಟು ಹೊತ್ತು ಇರುವುದಿಲ್ಲ. ಹತ್ತಿರದಲ್ಲಿ ಅಂಥದ್ದು ಯಾವುದು ಎಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ಸ್ಟ್ರೋಕಿನ ಲಕ್ಷಣ ಕಂಡಾಗ ಮನೆಯಲ್ಲೇ ಆಸ್ಪಿರಿನ್ ಕೊಡಬೇಡಿ, ಅದು ರಕ್ತಸ್ರಾವದ ಸ್ಟ್ರೋಕ್ ಆಗಿರಲೂಬಹುದು.

ಉಲ್ಬಣ ಬರದ ಹಾಗೆ ತಡೆಯಲು ಲಸಿಕೆಗಿಂತ ಸುಲಭದ ದಾರಿ ಇನ್ನೊಂದಿಲ್ಲ. ಹಾರ್ಟ್ ಅಟ್ಯಾಕ್ ಆದವರಿಗೆ ಫ್ಲೂ ಲಸಿಕೆ ಕೊಟ್ಟು ನೋಡಿದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಎಂಟು ದೇಶಗಳ ಸುಮಾರು 2,500 ಜನ, ನಮ್ಮ ನೆರೆಯ ಬಾಂಗ್ಲಾದೇಶದವರೂ ಇದ್ದರು. ಒಂದು ವರ್ಷದಲ್ಲಿ ಸಾವು, ಮತ್ತೆ ಹಾರ್ಟ್ ಅಟ್ಯಾಕ್ ಅಥವಾ ಸ್ಟೆಂಟಿನಲ್ಲಿ ಹೆಪ್ಪು ಆದವರು ಲಸಿಕೆ ಪಡೆದವರಲ್ಲಿ ನೂರಕ್ಕೆ 5.3, ಪಡೆಯದವರಲ್ಲಿ 7.2. ನಾನು ಹೇಳಿದ ಆ 2004ರ ಅಧ್ಯಯನದಲ್ಲೂ, ಸೋಂಕಿನ ನಂತರ ಅಪಾಯ ಏರಿತ್ತು, ಲಸಿಕೆಯ ನಂತರ ಏರಿರಲಿಲ್ಲ. ನಮ್ಮ ಕರಾವಳಿಯಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ. ಹಾಗಾಗಿ ಏಪ್ರಿಲ್-ಮೇ ತಿಂಗಳಲ್ಲಿ, ಊರಿಗೆ ಹೋಗುವ ಮುಂಚೆ ಹಾಕಿಸಿ. ಪ್ರತಿ ವರ್ಷ ಹಾಕಿಸಬೇಕು. ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಬೇರೆ, ಅದನ್ನೂ ಕೇಳಿ.

ಮನೆಯ ಗಾಳಿ ನಿಮ್ಮ ಕೈಯಲ್ಲಿದೆ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಹೊಗೆಕಣ ಬಿಡುತ್ತದೆ ಎಂದು 2003ರಲ್ಲೇ ಅಳೆದು ತೋರಿಸಿದ್ದಾರೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ, ಬತ್ತಿ ಹಚ್ಚಿ ಮಲಗಿದರೆ ಬೀಡಿ ಬಿಟ್ಟು ಏನು ಬಂತು? ಸೊಳ್ಳೆಪರದೆ ಕಟ್ಟಿ. ದೇವರ ಮುಂದೆ ದೀಪ ಸಾಕು, ಧೂಪ-ಅಗರಬತ್ತಿ ಅವರು ಇರುವ ಕೋಣೆಯಲ್ಲಿ ಬೇಡ. ಒಗ್ಗರಣೆಗೆ ಮೆಣಸು ಹಾಕುವಾಗ ಎಗ್ಸಾಸ್ಟ್ ಫ್ಯಾನ್ ಹಾಕಿ. ಅವರ ಶ್ವಾಸಕೋಶ ಹೋಟೆಲಿನ ಭಟ್ಟಿ ಎದುರು ಎಷ್ಟೋ ವರ್ಷ ಬೆಂದಿದೆ. ಮುಂಬಯಿಯ ಬೇಕರಿಗಳು ಸೌದೆ, ಇದ್ದಲು ಬಿಟ್ಟು ಗ್ಯಾಸಿನಂಥ ಇಂಧನಕ್ಕೆ ಬರಬೇಕು ಎಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಹೇಳಿದಾಗ ನನಗೆ ತುಂಬಾ ಸಮಾಧಾನ ಆಯಿತು. ಒಲೆ ಎದುರು ನಿಲ್ಲುವ ಹುಡುಗರಲ್ಲಿ ನಮ್ಮ ಊರಿನವರು ಎಷ್ಟು ಜನ ಇದ್ದಾರೆ ಎಂದು ನಮಗೆಲ್ಲ ಗೊತ್ತು. ಡಿಸೆಂಬರ್-ಜನವರಿಯಲ್ಲಿ ಮುಂಜಾನೆಯ ವಾಕಿಂಗ್ ಬೇಡ, ಹೊಗೆ ನೆಲಮಟ್ಟದಲ್ಲೇ ನಿಂತಿರುತ್ತದೆ. ಬಿಸಿಲು ಏರಿದ ಮೇಲೆ ಹೋಗಲಿ, ಆದರೆ ನಡೆಯುವುದನ್ನು ಬಿಡುವುದು ಬೇಡ. ಯಾರಾದರೂ ಒತ್ತಾಯ ಮಾಡಿ ಒಂದೇ ಒಂದು ಬೀಡಿ ಎಂದರೂ ಬೇಡ. ದಿನಕ್ಕೆ ಒಂದು ಸಿಗರೇಟು ಕೂಡ, ಇಪ್ಪತ್ತು ಸೇದುವವರ ಹೆಚ್ಚುವರಿ ಹೃದಯಾಪಾಯದ ಸುಮಾರು ಅರ್ಧದಷ್ಟನ್ನು ತರುತ್ತದೆ.

ಅವರು ಜೋರಾಗಿ ಗೊರಕೆ ಹೊಡೆಯುತ್ತಾರಾ, ನಡುವೆ ಉಸಿರು ನಿಂತ ಹಾಗೆ ಆಗುತ್ತದಾ ಎಂದು ಗಮನಿಸಿ. ಹಾಗಿದ್ದರೆ ಡಾಕ್ಟರಿಗೆ ಹೇಳಿ, ಅದೂ ಸ್ಟ್ರೋಕಿನ ಅಪಾಯ ಹೆಚ್ಚಿಸುತ್ತದೆ.

ಕೊನೆಗೆ ಹೃದಯದ ಲಯದ ವಿಷಯ. ಮುಂದಿನ ಸಲ ಮೆದುಳಿನ ಡಾಕ್ಟರ ಹತ್ತಿರ ಹೋಗುವಾಗ ಮಳೆಗಾಲದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವನ್ನೂ ತೆಗೆದುಕೊಂಡು ಹೋಗಿ. ಎದೆಯ ಸೋಂಕು ಯಾವ ತಾರೀಖು, ಸ್ಟ್ರೋಕ್ ಯಾವ ತಾರೀಖು ಎಂದು ಒಂದೇ ಚೀಟಿಯಲ್ಲಿ ಬರೆದು ತೋರಿಸಿ. ಸ್ಟ್ರೋಕಿನ ನಂತರ ಹೋಲ್ಟರ್ ಪರೀಕ್ಷೆ ಆಗಿದೆಯಾ ಎಂದು ಕೇಳಿ. ಎದೆಗೆ ಅಂಟಿಸಿ 24 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಬಡಿತ ದಾಖಲಿಸುವ ಯಂತ್ರ ಅದು. ಒಂದು ಸಲದ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ತಪ್ಪಿಸಿಕೊಳ್ಳಬಹುದು. ಅದು ಇದ್ದರೆ ಆಸ್ಪಿರಿನ್ ಸಾಲುವುದಿಲ್ಲ, ಬೇರೆ ಜಾತಿಯ ರಕ್ತ ತೆಳು ಮಾಡುವ ಔಷಧ ಬೇಕಾಗುತ್ತದೆ. ಹೋಲ್ಟರ್ ಆಗಿಲ್ಲದಿದ್ದರೆ ಮಾಡಿಸಿ, ಆ ರಿಪೋರ್ಟಿನ ಒಂದು ಪ್ರತಿಯನ್ನು ಎದೆಯ ಡಾಕ್ಟರಿಗೂ ಕೊಡಿ.